ಮನೆಯಂಗಳದ ಬಣ್ಣ: ಹಾಟ್ ರಾಡ್, ಡ್ಯೂಕೋ ಮತ್ತು ನನ್ನ ಮಾಮಾ

2011ರಲ್ಲಿ ಆನ್‌ಸೈಟ್ ಕೆಲಸದ ಮೇಲೆ ಎಂಟು ತಿಂಗಳು ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿದ್ದೆ. ನಾನಿದ್ದ ಬಾಡಿಗೆ ಮನೆಯ ಎದುರಿಗೆ ಒಬ್ಬ ನಿವೃತ್ತ ಮೆಷಿನಿಸ್ಟ್ ಇದ್ದರು. ವಯಸ್ಸು ಎಪ್ಪತ್ತು ದಾಟಿತ್ತು. ಶನಿವಾರ ಬೆಳಿಗ್ಗೆ ನಾನು ಬಟ್ಟೆ ಒಗೆಯಲು ಹಾಕಿ ಚಹಾ ಹಿಡಿದು ಹೊರಗೆ ಬರುವ ಹೊತ್ತಿಗೆ ಅವರ ಗ್ಯಾರೇಜಿನ ಬಾಗಿಲು ತೆರೆದಿರುತ್ತಿತ್ತು. ಒಳಗೆ 1932ರ ಒಂದು ಫೋರ್ಡ್ ಕಾರು. ಮಡ್‌ಗಾರ್ಡ್ ಇಲ್ಲ, ಬಾನೆಟ್ ಇಲ್ಲ, ಎಂಜಿನ್ ಎದೆ ತೆರೆದುಕೊಂಡು ಕೂತಿತ್ತು. ಮೈಯೆಲ್ಲ ಬೂದು ಪ್ರೈಮರ್. ಅವರು ಮರದ ಹಲಗೆಗೆ ಉಜ್ಜುಕಾಗದ ಸುತ್ತಿಕೊಂಡು, ನೀರು ಬಿಡುತ್ತ, ಒಂದೇ ಬಾಗಿಲನ್ನು ಗಂಟೆಗಟ್ಟಲೆ ಉಜ್ಜುತ್ತಿದ್ದರು.

ಒಂದು ಶನಿವಾರ ಅವರು ಮತ್ತೊಂದು ಕೋಟು ಪ್ರೈಮರ್ ಹೊಡೆಯುವುದಕ್ಕೆ ಸಿದ್ಧರಾದರು. ಹೊಡೆಯುವ ಮೊದಲು ತೋಟದ ಪೈಪು ಎಳೆದು ತಂದು ಗ್ಯಾರೇಜಿನ ನೆಲವನ್ನೆಲ್ಲ ತೋಯಿಸಿದರು. ಧೂಳು ಏಳಬಾರದಲ್ಲ, ಅದಕ್ಕೆ. ನಾನು ಚಹಾ ಕುಡಿಯುವುದನ್ನು ಮರೆತು ನಿಂತುಬಿಟ್ಟೆ. ಹುಬ್ಬಳ್ಳಿಯಲ್ಲಿ ನನ್ನ ಸೋದರಮಾವ ಮಾಡುತ್ತಿದ್ದುದೂ ಇದನ್ನೇ. ಪೈಪು ಇರಲಿಲ್ಲ, ತಂಬಿಗೆಯಿಂದ ಚಿಮುಕಿಸುತ್ತಿದ್ದ, ಅಷ್ಟೇ ವ್ಯತ್ಯಾಸ. ಮಾಮಾ ಒಂದು ಗ್ಯಾರೇಜಿನಲ್ಲಿ ಮೂವತ್ತು ವರ್ಷ ಡ್ಯೂಕೋ ಪೇಂಟರ್ ಆಗಿದ್ದವನು. ಬೇಸಿಗೆ ರಜೆಯಲ್ಲಿ ಅವನ ಬುತ್ತಿ ಒಯ್ದು ಕೊಡುವುದು ನನ್ನ ಕೆಲಸ.

‘ಯಾವ ಬಣ್ಣ ಹೊಡೆಯುತ್ತೀರಿ?’ ಎಂದು ಆ ಹಿರಿಯರನ್ನು ಕೇಳಿದೆ. ಅವರು ಗೋಡೆಯ ಕಡೆ ಕೈ ತೋರಿಸಿದರು. ಪುಸ್ತಕದಷ್ಟು ಅಗಲದ ಏಳೆಂಟು ತಗಡುಗಳು ತೂಗುತ್ತಿದ್ದವು, ಒಂದೊಂದಕ್ಕೆ ಒಂದೊಂದು ಬಣ್ಣ. ಕಪ್ಪು, ಎರಡು ಬಗೆಯ ಕೆಂಪು, ಕೆನೆ ಬಿಳುಪು, ಹಳೆಯ ಫೋರ್ಡ್ ಕಾರುಗಳ ವಾಷಿಂಗ್ಟನ್ ನೀಲಿ. ನಾಲ್ಕು ವರ್ಷದಿಂದ ಬೆಳಗಿನ ಬೆಳಕಿನಲ್ಲೂ ಸಂಜೆ ಬೆಳಕಿನಲ್ಲೂ ನೋಡುತ್ತಿದ್ದಾರಂತೆ, ಇನ್ನೂ ತೀರ್ಮಾನವಾಗಿಲ್ಲ. ನನಗೆ ನಗು ಬಂತು. ನಾಲ್ಕು ವರ್ಷ ರಿಕ್ವೈರ್‌ಮೆಂಟ್ ಫ್ರೀಜ್ ಆಗದ ಪ್ರಾಜೆಕ್ಟು! ಆದರೆ ಆ ನಗು ಬಹಳ ದಿನ ಉಳಿಯಲಿಲ್ಲ. ಓದುತ್ತ ಹೋದಂತೆ, ಒಂದು ಹಳೇ ಕಾರಿಗೆ ಮನೆಯಲ್ಲಿ ಬಣ್ಣ ಹೊಡೆಯುವುದರ ಹಿಂದೆ ನೂರು ವರ್ಷದ ಇತಿಹಾಸವಿದೆ, ಅದರ ಒಂದು ಎಳೆ ನಮ್ಮ ಮಾಮಾನ ಟಿನ್ನರ್ ಡಬ್ಬಿಯವರೆಗೆ ಬರುತ್ತದೆ ಎಂದು ಗೊತ್ತಾಯಿತು.

ಒಣಕೆರೆಯ ಹುಡುಗರು

ಹಾಟ್ ರಾಡ್ ಎಂದರೆ ಹಳೆಯ ಕಾರನ್ನು ಕೊಂಡು, ಅದರಲ್ಲಿ ಓಟಕ್ಕೆ ಬೇಡದ್ದನ್ನೆಲ್ಲ ಕಿತ್ತೊಗೆದು, ಎಂಜಿನ್ ಬಲಪಡಿಸಿ ಓಡಿಸುವ ಗಾಡಿ. ಹುಟ್ಟಿದ್ದು 1930ರ ದಶಕದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. ಆರ್ಥಿಕ ಕುಸಿತದ ಕಾಲ. ಹುಡುಗರ ಕೈಯಲ್ಲಿ ದುಡ್ಡಿಲ್ಲ, ಆದರೆ ಗುಜರಿಯಲ್ಲಿ ಫೋರ್ಡ್ ಮಾಡೆಲ್ ಟಿ, ಮಾಡೆಲ್ ಎ ಕಾರುಗಳು ಅಗ್ಗವಾಗಿ ಸಿಗುತ್ತಿದ್ದವು. ಲಾಸ್ ಏಂಜಲೀಸ್‌ನ ಆಚೆ ಮರುಭೂಮಿಯಲ್ಲಿ ಮ್ಯೂರಾಕ್, ಎಲ್ ಮಿರಾಜ್‌ನಂಥ ಒಣಗಿದ ಕೆರೆಗಳಿದ್ದವು. ಮೈಲಿಗಟ್ಟಲೆ ಸಮತಟ್ಟಾದ ಗಟ್ಟಿ ಜೇಡಿ ನೆಲ. ವಾರದ ಕೊನೆಗೆ ಅಲ್ಲಿಗೆ ಹೋಗಿ ಯಾರ ಗಾಡಿ ಎಷ್ಟು ವೇಗ ಹೋಗುತ್ತದೆ ಎಂದು ಅಳೆಯುವುದು ಅವರ ಹಬ್ಬ. 1937ರಲ್ಲಿ ಇಂಥ ಕ್ಲಬ್ಬುಗಳೆಲ್ಲ ಸೇರಿ ದಕ್ಷಿಣ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಎಂಬ ಸಂಘ ಕಟ್ಟಿಕೊಂಡವು. ಮ್ಯೂರಾಕ್ ಮುಂದೆ ಸೈನ್ಯದ ಪಾಲಾಯಿತು. ಇವತ್ತಿನ ಎಡ್ವರ್ಡ್ಸ್ ವಾಯುನೆಲೆ ಇರುವುದು ಅಲ್ಲೇ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಸೈನ್ಯದಿಂದ ಹಿಂತಿರುಗಿದ ಹುಡುಗರಿಗೆ ಯಂತ್ರದ ಕೆಲಸ ಬರುತ್ತಿತ್ತು, ಕೈಯಲ್ಲಿ ಒಂದಿಷ್ಟು ಸಂಬಳದ ಉಳಿತಾಯವೂ ಇತ್ತು. ‘ಹಾಟ್ ರಾಡ್’ ಎಂಬ ಹೆಸರು ಬಳಕೆಗೆ ಬಂದದ್ದು ಸುಮಾರು ಆಗಲೇ. 1948ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹಾಟ್ ರಾಡ್ ಪ್ರದರ್ಶನ ನಡೆದಾಗ, ರಾಬರ್ಟ್ ಪೀಟರ್ಸನ್ ಎಂಬ ತರುಣ ‘ಹಾಟ್ ರಾಡ್’ ಪತ್ರಿಕೆಯ ಮೊದಲ ಸಂಚಿಕೆಯನ್ನು ಪ್ರತಿಗೆ 25 ಸೆಂಟಿನಂತೆ ಮಾರಿದ.

ಈ ಹುಡುಗರು ಕೊಳ್ಳುತ್ತಿದ್ದ ಮಾಡೆಲ್ ಟಿ ಕಾರುಗಳಲ್ಲಿ ಬಹುಪಾಲು ಕಪ್ಪು. ಅದಕ್ಕೊಂದು ಕಾರಣವಿತ್ತು.

ಕಪ್ಪು ಯಾಕೆ?

ಕಪ್ಪೊಂದು ಬಿಟ್ಟು ಬೇರೆ ಬಣ್ಣ ಕೇಳಬೇಡಿ ಎಂಬರ್ಥದ ಹೆನ್ರಿ ಫೋರ್ಡ್ ಮಾತನ್ನು ಮ್ಯಾನೇಜ್‌ಮೆಂಟ್ ತರಗತಿಗಳಲ್ಲಿ ನಾವೆಲ್ಲ ಕೇಳಿದವರೇ. ನಿಜವೇನೆಂದರೆ 1908ರಲ್ಲಿ ಮಾಡೆಲ್ ಟಿ ಹೊರಬಂದಾಗ ಕೆಂಪು, ಹಸಿರು, ಬೂದು ಬಣ್ಣದವೂ ಇದ್ದವು. ಕಪ್ಪು ಮಾತ್ರ ಎಂಬ ನಿಯಮ ನಡೆದದ್ದು 1914ರಿಂದ 1925ರವರೆಗೆ.

ಅದಕ್ಕೆ ಮೊದಲು ಕಾರಿಗೆ ಬಣ್ಣ ಹೊಡೆಯುವುದು ಕುದುರೆ ಸಾರೋಟಿಗೆ ಹೊಡೆಯುವ ಕ್ರಮದಲ್ಲೇ ನಡೆಯುತ್ತಿತ್ತು. ಎಣ್ಣೆ ಬಣ್ಣ, ಮೇಲೆ ವಾರ್ನಿಷ್, ಎಲ್ಲವೂ ಬ್ರಷ್ಷಿನಲ್ಲಿ. ಒಂದು ಪದರು ಒಣಗಬೇಕು, ಉಜ್ಜಬೇಕು, ಮತ್ತೊಂದು ಬಳಿಯಬೇಕು. ಒಂದು ಒಳ್ಳೆಯ ಕಾರಿಗೆ ಎರಡು ವಾರದಿಂದ ಒಂದು ತಿಂಗಳು ಹಿಡಿಯುತ್ತಿತ್ತು. ಅಸೆಂಬ್ಲಿ ಲೈನ್ ಕಟ್ಟಿ ದಿನಕ್ಕೆ ಸಾವಿರಗಟ್ಟಲೆ ಕಾರು ಹೊರಡಿಸುವವನಿಗೆ ಇದು ನಡೆಯುವ ಮಾತಲ್ಲ. ಕಾರುಗಳನ್ನು ಒಣಗಲು ನಿಲ್ಲಿಸಿದರೆ ಊರಷ್ಟು ಜಾಗ ಬೇಕು. ಹಾಗಾಗಿ ಡಾಂಬರಿನ ಜಾತಿಯ ಕಪ್ಪು ಎನಾಮಲನ್ನು ಬಿಡಿಭಾಗಗಳ ಮೇಲೆ ಸುರಿದು ಅಥವಾ ಅದರಲ್ಲಿ ಅದ್ದಿ, ಒಲೆಯಲ್ಲಿ ಬೇಯಿಸುವ ದಾರಿ ಹಿಡಿದರು. ಅದು ಅಗ್ಗ, ಗಟ್ಟಿ, ಹೆಚ್ಚು ದಿನ ಬಾಳುತ್ತಿತ್ತು. ಅಂಥ ಗುಣ ಕೊಡುತ್ತಿದ್ದ ಆ ಡಾಂಬರಿನ ಬಣ್ಣವೇ ಕಪ್ಪು, ಅದರಲ್ಲಿ ಬೇರೆ ಬಣ್ಣ ಬರಲು ಸಾಧ್ಯವೇ ಇರಲಿಲ್ಲ. 850 ಡಾಲರಿಗೆ ಶುರುವಾದ ಕಾರು 1920ರ ದಶಕದ ನಡುವಿಗೆ 300 ಡಾಲರಿಗೂ ಕೆಳಗಿಳಿಯಿತು. ಕೊನೆಗೆ ಒಂದೂವರೆ ಕೋಟಿಗೂ ಮಿಕ್ಕಿ ಮಾಡೆಲ್ ಟಿ ಕಾರುಗಳು ತಯಾರಾದವು.

ಅಂದರೆ ರೈತನೂ ಕೂಲಿಯವನೂ ಕಾರು ಕೊಳ್ಳುವಂತಾಯಿತು, ಅದರ ಬೆಲೆಯಾಗಿ ಬಣ್ಣದ ಆಯ್ಕೆ ಬಿಟ್ಟುಕೊಟ್ಟರು. ಮುಂದಿನ ತಲೆಮಾರಿನ ಹುಡುಗರು ಅದೇ ಕಾರನ್ನು ಗುಜರಿಯಿಂದ ತಂದು ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ಆ ಬಿಟ್ಟುಕೊಟ್ಟದ್ದನ್ನು ಮರಳಿ ಪಡೆಯುವುದು. ಆದರೆ ಆಸೆ ಇದ್ದರೆ ಸಾಲದು, ಮನೆಯಲ್ಲಿ ಹೊಡೆಯಬಹುದಾದ ಬಣ್ಣ ಬೇಕಲ್ಲ? ಅದು ಬಂದದ್ದು ಮದ್ದುಗುಂಡಿನ ಕಾರ್ಖಾನೆಯಿಂದ.

ಮದ್ದಿನಮನೆಯ ಬಣ್ಣ

ಹತ್ತಿಯನ್ನು ನೈಟ್ರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲಗಳಲ್ಲಿ ಅದ್ದಿ ತೆಗೆದರೆ ನೈಟ್ರೋಸೆಲ್ಯುಲೋಸ್ ಸಿಗುತ್ತದೆ. ಹೊಗೆಯಿಲ್ಲದ ಮದ್ದು ಮಾಡುವುದು ಅದರಿಂದಲೇ, ಹಳೆಯ ಸಿನಿಮಾ ರೀಲುಗಳನ್ನು ಮಾಡುತ್ತಿದ್ದುದೂ ಅದರಿಂದಲೇ. ಅಮೆರಿಕದ ಡ್ಯೂಪಾಂಟ್ ಕಂಪನಿ 1802ರಿಂದ ಮದ್ದು ಮಾಡುತ್ತ ಬಂದದ್ದು. ಮೊದಲ ಮಹಾಯುದ್ಧ ಮುಗಿದಾಗ ಅದರ ಬಳಿ ನೈಟ್ರೋಸೆಲ್ಯುಲೋಸ್ ಮಾಡುವ ದೊಡ್ಡ ದೊಡ್ಡ ಕಾರ್ಖಾನೆಗಳಿದ್ದವು, ಕೊಳ್ಳುವವರು ಇರಲಿಲ್ಲ.

ನೈಟ್ರೋಸೆಲ್ಯುಲೋಸಿನಿಂದ ಲ್ಯಾಕರ್ ಮಾಡಬಹುದು ಎಂಬುದು ಹಳೆಯ ಸಂಗತಿ. ತೊಡಕಿದ್ದದ್ದು ಅದರ ಮಂದದಲ್ಲಿ. ತೆಳುವಾಗುವಷ್ಟು ದ್ರಾವಕ ಸುರಿದರೆ ಒಣಗಿದ ಮೇಲೆ ಉಳಿಯುವ ಪದರು ಏನೂ ಸಾಲದು. ಹಾಗೇ ಬಿಟ್ಟರೆ ಗಂಜಿಯ ಹಾಗೆ, ಗನ್ನಿನಿಂದ ಹೊರಬಾರದು. 1920ರಲ್ಲಿ ನ್ಯೂಜೆರ್ಸಿಯ ಪಾರ್ಲಿನ್‌ನಲ್ಲಿದ್ದ ಡ್ಯೂಪಾಂಟ್ ಘಟಕದಲ್ಲಿ, ಫಿಲ್ಮಿಗೆಂದು ಮಾಡಿಟ್ಟ ದ್ರಾವಣ ತಾನೇ ತೆಳ್ಳಗಾಗಿದ್ದನ್ನು ಕಂಡರು. ಇಂಥ ತೆಳುವಾದ ನೈಟ್ರೋಸೆಲ್ಯುಲೋಸಿನಲ್ಲಿ ಬೇಕಾದಷ್ಟು ಬಣ್ಣದ ಪುಡಿ ಬೆರೆಸಬಹುದಿತ್ತು. ಜನರಲ್ ಮೋಟಾರ್ಸ್‌ನಲ್ಲಿ ಡ್ಯೂಪಾಂಟ್ ದೊಡ್ಡ ಪಾಲುದಾರ, ಅಲ್ಲಿ ಸಂಶೋಧನೆ ನೋಡಿಕೊಳ್ಳುತ್ತಿದ್ದ ಚಾರ್ಲ್ಸ್ ಕೆಟರಿಂಗ್‌ಗೆ ಬಣ್ಣ ಒಣಗುವ ಸಮಯ ಕಡಿಮೆ ಮಾಡುವ ಹಟ. ಇಬ್ಬರೂ ಸೇರಿ ಅದನ್ನು ಕಾರಿಗೆ ಹೊಂದಿಸಿದರು. 1924ರ ಮಾಡೆಲ್ ಓಕ್‌ಲ್ಯಾಂಡ್ ಕಾರುಗಳು ಈ ಬಣ್ಣದಲ್ಲಿ, ನೀಲಿಯಾಗಿ ಮಾರುಕಟ್ಟೆಗೆ ಬಂದವು. ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. 1927ರಲ್ಲಿ ಜನರಲ್ ಮೋಟಾರ್ಸ್ ಹಾರ್ಲಿ ಅರ್ಲ್ ಎಂಬ ವಿನ್ಯಾಸಕಾರನ ಕೈಕೆಳಗೆ ಕಲೆ ಮತ್ತು ಬಣ್ಣದ ವಿಭಾಗವನ್ನೇ ತೆರೆಯಿತು. ಅದೇ ವರ್ಷದ ಕೊನೆಗೆ ಹೊರಬಂದ ಫೋರ್ಡ್ ಮಾಡೆಲ್ ಎ ಹಲವು ಬಣ್ಣಗಳಲ್ಲಿ ಸಿಗುತ್ತಿತ್ತು.

ಆ ಬಣ್ಣಕ್ಕೆ ಡ್ಯೂಪಾಂಟ್ ಇಟ್ಟ ಹೆಸರು ಡ್ಯೂಕೋ.

ಇದನ್ನು ಓದಿದ ರಾತ್ರಿ ನಾನು ಹುಬ್ಬಳ್ಳಿಗೆ ಫೋನ್ ಮಾಡಿದ್ದೆ. ‘ಡ್ಯೂಕೋ ಅಂದ್ರ ಏನು ಗೊತ್ತೇನ ಮಾಮಾ?’ ಎಂದರೆ, ‘ಗನ್ನಿಲೆ ಹೊಡಿಯೋದಕ್ಕ ಡ್ಯೂಕೋ ಅಂತಾರ, ಬ್ರಶ್ಶಿಲೆ ಹೊಡಿಯೋದಕ್ಕ ಪೇಂಟ್ ಅಂತಾರ’ ಎಂದ. ಒಂದು ಕಂಪನಿಯ ಹೆಸರು ನಮ್ಮ ಗ್ಯಾರೇಜುಗಳಲ್ಲಿ, ಬಡಗಿಗಳ ಅಂಗಡಿಗಳಲ್ಲಿ ಒಂದು ಕಸುಬಿನ ಹೆಸರೇ ಆಗಿಹೋಗಿದೆ. ಮಾಮಾ ಕೊಂಡು ತರುತ್ತಿದ್ದ ‘ಎನ್‌ಸಿ ಪುಟ್ಟಿ’, ‘ಎನ್‌ಸಿ ಟಿನ್ನರ್’ ಡಬ್ಬಿಗಳ ಮೇಲಿನ ಎನ್‌ಸಿ ಎಂದರೆ ನೈಟ್ರೋಸೆಲ್ಯುಲೋಸ್ ಎಂಬುದು, ಎಂಟೆಕ್ ಮಾಡಿದ ನನಗೆ ನಲವತ್ತರ ಹೊಸ್ತಿಲಲ್ಲಿ ತಿಳಿಯಿತು.

ತಪ್ಪನ್ನು ಕ್ಷಮಿಸುವ ಬಣ್ಣ

ಮನೆಯಲ್ಲಿ ಬಣ್ಣ ಹೊಡೆಯುವವನಿಗೆ ಲ್ಯಾಕರ್ ಯಾಕೆ ವರವಾಯಿತು ಎಂಬುದನ್ನು ತಿಳಿಯಲು ಅದು ಒಣಗುವ ಬಗೆ ನೋಡಬೇಕು. ಎನಾಮಲ್ ಒಣಗುವುದು ಗಾಳಿಯ ಆಮ್ಲಜನಕದ ಜೊತೆ ಕೂಡಿ. ಗಂಟೆಗಟ್ಟಲೆ ಅಂಟಂಟಾಗಿರುತ್ತದೆ. ಅಷ್ಟು ಹೊತ್ತಿನಲ್ಲಿ ಧೂಳು, ಸೊಳ್ಳೆ, ದೀಪದ ಹುಳು ಎಲ್ಲಕ್ಕೂ ಅಲ್ಲಿ ಆಮಂತ್ರಣ. ಒಮ್ಮೆ ಒಣಗಿದರೆ ಅದು ಹೊಸ ವಸ್ತು, ಟಿನ್ನರ್ ಹಾಕಿದರೂ ಮೊದಲಿನಂತೆ ಕರಗದು. ಲ್ಯಾಕರಿನಲ್ಲಿ ಅಂಥ ರಾಸಾಯನಿಕ ಬದಲಾವಣೆ ಇಲ್ಲ. ಟಿನ್ನರ್ ಆರಿಹೋಗುತ್ತದೆ, ಬಣ್ಣ ಉಳಿಯುತ್ತದೆ, ಕೆಲವೇ ನಿಮಿಷಗಳಲ್ಲಿ ಧೂಳು ಅಂಟದಷ್ಟು ಒಣಗಿರುತ್ತದೆ. ಮೇಲೆ ಇನ್ನೊಂದು ಕೋಟು ಹೊಡೆದರೆ ಕೆಳಗಿನದು ಕೊಂಚ ಕರಗಿ ಎರಡೂ ಒಂದಾಗುತ್ತವೆ. ಬಣ್ಣ ಸೋರಿ ಇಳಿಯಿತೋ, ಕಿತ್ತಳೆ ಸಿಪ್ಪೆಯ ಹಾಗೆ ಗುಳಿ ಗುಳಿಯಾಯಿತೋ, ಮರುದಿನ ವಾಟರ್ ಪೇಪರಿನಲ್ಲಿ ಉಜ್ಜಿ ಮತ್ತೆ ಹೊಡೆಯಬಹುದು.

ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದರಲ್ಲಿ ರೀವರ್ಕ್ ಅಗ್ಗ. ಮೊದಲ ಸಲಕ್ಕೇ ಸರಿಯಾಗಿ ಬರಲೇಬೇಕು ಎಂಬ ಕೆಲಸವನ್ನು ನುರಿತವರೇ ಮಾಡಬೇಕಾಗುತ್ತದೆ. ತಪ್ಪು ತಿದ್ದಲು ಬಿಡುವ ಕೆಲಸವನ್ನು ಹತ್ತೊಂಬತ್ತು ವರ್ಷದ ಹುಡುಗ ಮನೆಯ ಹಿತ್ತಲಲ್ಲಿ ಮಾಡಬಲ್ಲ. ಬಾಡಿಗೆಯ ಕಂಪ್ರೆಸರ್, ಇಲ್ಲವೆ ಹಳೆಯ ಫ್ರಿಜ್ಜಿನಿಂದ ಕಿತ್ತ ಕಂಪ್ರೆಸರ್, ಒಂದು ಸ್ಪ್ರೇ ಗನ್, ತೋಯಿಸಿದ ನೆಲ, ಇಷ್ಟಿದ್ದರೆ ಆಯಿತು.

ಆದರೆ ಆ ಕ್ಷಮೆ ಬಿಟ್ಟಿ ಸಿಗುವುದಿಲ್ಲ. ಗನ್ನಿನಿಂದ ಬಂದ ಲ್ಯಾಕರ್ ಮಂಕಾಗಿರುತ್ತದೆ. ಹೊಳಪು ಬರಬೇಕಾದರೆ ನೀರಲ್ಲಿ ಉಜ್ಜಿ, ಕಾಂಪೌಂಡ್ ಹಚ್ಚಿ, ಕೈಯಿಂದ ತಿಕ್ಕಬೇಕು. ಇಪ್ಪತ್ತು ಮೂವತ್ತು ಕೋಟಿನ, ಕೈಯಲ್ಲಿ ತಿಕ್ಕಿದ ಲ್ಯಾಕರ್ ಎಂಬುದು ಆ ಕಾಲದ ಹಾಟ್ ರಾಡ್ ಜನರ ಹೆಮ್ಮೆಯ ಮಾತು. ಮಾಮಾನೂ ಅದನ್ನೇ ಹೇಳುತ್ತಿದ್ದ: ‘ಲೇ ಅಳಿಯಾ, ಬಣ್ಣಾ ಯಾರ ಬೇಕಾದ್ರೂ ಹೊಡೀತಾರ. ತಿಕ್ಕಾಂವ ಪೇಂಟರ್.’

ಬಣ್ಣ ಆರಿಸುವುದು ಅಂದರೆ ಕೆಲಸ ಆರಿಸುವುದು

ಈಗ ಆ ಗೋಡೆಯ ಮೇಲಿನ ತಗಡುಗಳಿಗೆ ಬರೋಣ. ನಾಲ್ಕು ವರ್ಷ ಯಾಕೆ ಬೇಕಾಯಿತು ಎಂದು ಆ ಹಿರಿಯರು ನನಗೆ ಒಂದೊಂದೇ ತಗಡು ಕೈಗೆ ಕೊಟ್ಟು ವಿವರಿಸಿದರು.

ಕಪ್ಪು ಎಲ್ಲಕ್ಕಿಂತ ಸುಲಭದ್ದು ಅನ್ನಿಸುತ್ತದೆ, ನಿಜದಲ್ಲಿ ಅದು ಎಲ್ಲಕ್ಕಿಂತ ಕಠಿಣ. ಹೊಳೆಯುವ ಕಪ್ಪು ಕನ್ನಡಿಯ ಹಾಗೆ. ತಗಡಿನಲ್ಲಿ ಕೂದಲೆಳೆಯಷ್ಟು ಅಲೆ ಇದ್ದರೂ ಅದರಲ್ಲಿ ಕಾಣುವ ಟ್ಯೂಬ್‌ಲೈಟ್ ಡೊಂಕಾಗುತ್ತದೆ. ಕಪ್ಪು ಬೇಕೆಂದರೆ ಬಣ್ಣಕ್ಕೆ ಮೊದಲಿನ ತಿಂಗಳುಗಳ ಉಜ್ಜುವ ಕೆಲಸಕ್ಕೆ ಒಪ್ಪಿದಂತೆ. ಬಿಳಿ, ಕೆನೆ, ತಿಳಿ ಬಣ್ಣಗಳು ದಯಾಳುಗಳು, ತಗ್ಗುದಿಣ್ಣೆಗಳನ್ನು ಮುಚ್ಚಿಹಾಕುತ್ತವೆ. ಅಂಬಾಸಡರ್ ಕಾರುಗಳು ಎಷ್ಟು ಸಲ ಗುದ್ದಿಸಿಕೊಂಡರೂ ಗೌರವದಿಂದ ಓಡಾಡುತ್ತಿದ್ದುದರ ಗುಟ್ಟಿನಲ್ಲಿ ಬಿಳಿಯ ಪಾಲೂ ಇದೆ. ಕೆಂಪು ಕಣ್ಣಿಗೆ ಹಬ್ಬ, ಆದರೆ ಕೆಳಗಿನ ಪದರನ್ನು ಬೇಗ ಮುಚ್ಚುವುದಿಲ್ಲ, ಹಳೆಯ ಕೆಂಪುಗಳು ಬಿಸಿಲಿಗೆ ಬೇಗ ಮಾಸುತ್ತಿದ್ದವು. ಮೆಟಾಲಿಕ್ ಬಣ್ಣದಲ್ಲಿ ಅಲ್ಯೂಮಿನಿಯಂ ಚೂರುಗಳು ಒಂದೇ ಬಗೆಯಲ್ಲಿ ಮಲಗಬೇಕು. ಕೈ ಒಂದು ಕಡೆ ನಿಧಾನವಾದರೆ ಪಟ್ಟೆ ಏಳುತ್ತದೆ, ಮುಂದೆ ಒಂದು ಗೀರಾದರೆ ಅಷ್ಟಕ್ಕೇ ತೇಪೆ ಹಾಕಲು ಬರುವುದಿಲ್ಲ. ಮನೆಯಲ್ಲಿ ಮೊದಲ ಸಲ ಹೊಡೆಯುವವನಿಗೆ ಹಳಬರು ಹೇಳುವ ಬುದ್ಧಿಮಾತು ಇದು: ಚೂರಿಲ್ಲದ ಸಾದಾ ಬಣ್ಣ ಹಿಡಿ. ತಗಡಿನ ತುಂಡಿಗೆ ಹೊಡೆದು ಬಿಸಿಲಲ್ಲೂ ನೆರಳಲ್ಲೂ ನೋಡು, ಬರೀ ಕಾರ್ಡು ನೋಡಿ ಕೊಳ್ಳಬೇಡ. ಇಡೀ ಕಾರಿಗೆ ಸಾಲುವಷ್ಟನ್ನು ಒಂದೇ ಸಲ ಕಲಸು.

ಆ ಕಾಲದ ಬಡ ಹುಡುಗರಲ್ಲಿ ಅನೇಕರಿಗೆ ಈ ಆಯ್ಕೆಯ ಪ್ರಶ್ನೆಯೇ ಬರುತ್ತಿರಲಿಲ್ಲ. ದುಡ್ಡೆಲ್ಲ ಎಂಜಿನ್ನಿಗೆ ಹೋಗಿ ಗಾಡಿ ಬೂದು ಇಲ್ಲವೆ ಕಾವಿ ಪ್ರೈಮರಿನಲ್ಲೇ ಓಡುತ್ತಿತ್ತು. ದಶಕಗಳ ನಂತರ ಅದೇ ಅರೆಬರೆ ರೂಪ ಫ್ಯಾಷನ್ ಆಗಿ, ಪ್ರೈಮರಿನಂತೆ ಕಾಣುವ ಮಂಕು ಬಣ್ಣಗಳನ್ನು ಬೇಕೆಂದೇ ಡಬ್ಬಿಯಲ್ಲಿ ಮಾರುವಂತಾಯಿತು. ಹರಿದ ಜೀನ್ಸಿನ ಕಥೆಯೇ.

ಸಕ್ಕರೆ ಪಾಕದ ಕೆಂಪು

1950ರ ದಶಕದಲ್ಲಿ ಬಣ್ಣವೇ ಒಂದು ವಿದ್ಯೆಯಾಯಿತು. ಲಾಸ್ ಏಂಜಲೀಸ್ ಬಳಿಯ ಲಿನ್‌ವುಡ್‌ನಲ್ಲಿ ಜಾರ್ಜ್ ಮತ್ತು ಸ್ಯಾಮ್ ಬ್ಯಾರಿಸ್ ಸಹೋದರರ ಅಂಗಡಿ ಹೆಸರಾಯಿತು. ಬಾಬ್ ಹಿರೋಹಾಟ ಎಂಬ ಜಪಾನಿ ಮೂಲದ ಅಮೆರಿಕನ್ ತರುಣನಿಗೆ ಅವರು ಮಾಡಿಕೊಟ್ಟ 1951ರ ಮರ್ಕ್ಯುರಿ ಕಾರಿನ ಎರಡು ಹಸಿರುಗಳ ಬಗ್ಗೆ ಜನ ಇವತ್ತಿಗೂ ಮಾತಾಡುತ್ತಾರೆ. ವಾನ್ ಡಚ್ ಎಂದು ಹೆಸರಾದ ಕೆನ್ನಿ ಹೊವರ್ಡ್ ಕೂದಲೆಳೆಯಂಥ ಗೆರೆಗಳನ್ನು ಬರಿಗೈಯಲ್ಲಿ ಎಳೆಯುತ್ತಿದ್ದ.

ಜೋ ಬೈಲಾನ್ ಎಂಬಾತ ರಾತ್ರಿ ಹೊತ್ತು ಕಾರಿನ ಹಿಂದೀಪದ ಕೆಂಪು ಹೊಳಪನ್ನು ಕಂಡು, ಅದೇ ಕೆಂಪನ್ನು ಮೈಮೇಲೆ ತರಬೇಕೆಂದು ವರ್ಷಗಟ್ಟಲೆ ಕಲಸಿ ನೋಡಿದನಂತೆ. ಹಾಗೆ ಬಂದದ್ದು ಕ್ಯಾಂಡಿ ಆಪಲ್ ಕೆಂಪು. ಕೆಳಗೆ ಚಿನ್ನದ ಇಲ್ಲವೆ ಬೆಳ್ಳಿಯ ಪದರು, ಅದರ ಮೇಲೆ ಪಾರದರ್ಶಕ ಕೆಂಪಿನ ಹಲವು ಪದರು, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಕ್ಲಿಯರ್. ಬೆಳಕು ಕೆಂಪನ್ನು ದಾಟಿ ಕೆಳಗೆ ಹೋಗಿ ತಿರುಗಿ ಬರುವುದರಿಂದ ಬಣ್ಣಕ್ಕೆ ಆಳ ಬರುತ್ತದೆ. ಆದರೆ ಪ್ರತಿ ಕೋಟಿಗೂ ಬಣ್ಣ ಗಾಢವಾಗುತ್ತ ಹೋಗುತ್ತದೆ. ಬಾಗಿಲಿಗೆ ಒಂದು ಕೈ ಹೆಚ್ಚು ಬಿತ್ತೆಂದರೆ ಬಾಗಿಲೇ ಬೇರೆ ಬಣ್ಣ. ಇಲ್ಲಿಗೆ ಬರುವ ಹೊತ್ತಿಗೆ ಹಿತ್ತಲ ಹುಡುಗನ ಕೈ ಮೀರಿದ ಕುಸುರಿಯಾಗಿತ್ತು. 1963ರಲ್ಲಿ ಟಾಮ್ ವುಲ್ಫ್ ಎಸ್ಕ್ವೈರ್ ಪತ್ರಿಕೆಯಲ್ಲಿ ಈ ಲೋಕದ ಬಗ್ಗೆ ಬರೆದ ಲೇಖನದ ತಲೆಬರಹದಲ್ಲೇ ಕ್ಯಾಂಡಿ ಸೇರಿಕೊಂಡಿತು.

ಒಂದು ಸ್ವಾರಸ್ಯ ಹೇಳುತ್ತೇನೆ. 1963ರ ಬೀಚ್ ಬಾಯ್ಸ್ ಆಲ್ಬಂ ‘ಲಿಟಲ್ ಡ್ಯೂಸ್ ಕೂಪ್’ ಹೊದಿಕೆಯ ಮೇಲೆ 1932ರ ಫೋರ್ಡ್, ನೀಲಿ. 1973ರ ಜಾರ್ಜ್ ಲೂಕಾಸ್ ಸಿನಿಮಾ ‘ಅಮೆರಿಕನ್ ಗ್ರಾಫಿಟಿ’ಯಲ್ಲಿ 1932ರ ಫೋರ್ಡ್, ಹಳದಿ. 1983ರ ಜೀಜೀ ಟಾಪ್ ಆಲ್ಬಂ ‘ಎಲಿಮಿನೇಟರ್’ ಮೇಲೆ 1933ರ ಫೋರ್ಡ್, ಕೆಂಪು. ಹತ್ತು ಹತ್ತು ವರ್ಷಕ್ಕೆ ಹೆಚ್ಚುಕಡಿಮೆ ಅದೇ ಕಾರು, ಬೇರೆ ಬೇರೆ ಬಣ್ಣ. ಮೂರರಲ್ಲಿ ಒಂದೂ ಕಪ್ಪಲ್ಲ.

ಉಸಿರಿನ ಲೆಕ್ಕ

ಲ್ಯಾಕರ್ ಒಣಗುವುದು ಟಿನ್ನರ್ ಆರಿಹೋಗಿ ಎಂದೆ. ಆರಿಹೋಗಿ ಎಲ್ಲಿ ಸೇರುತ್ತದೆ? ಗಾಳಿಗೆ. ಡಬ್ಬಿಯಲ್ಲಿದ್ದುದರ ಬಹುಭಾಗ ಕಾರಿನ ಮೇಲೆ ಉಳಿಯುವುದೇ ಇಲ್ಲ. 1950ರ ದಶಕದ ಆರಂಭದಲ್ಲಿ ಕ್ಯಾಲ್‌ಟೆಕ್‌ನ ರಸಾಯನ ವಿಜ್ಞಾನಿ ಆರಿ ಹಾಗನ್‌ಸ್ಮಿಟ್ ಲಾಸ್ ಏಂಜಲೀಸಿನ ಕಣ್ಣುರಿಸುವ ಹೊಗೆಮಂಜು ಹುಟ್ಟುವ ಬಗೆಯನ್ನು ತೋರಿಸಿಕೊಟ್ಟರು. ಪೆಟ್ರೋಲು, ದ್ರಾವಕಗಳ ಆವಿ ಮತ್ತು ವಾಹನಗಳ ಹೊಗೆಯ ನೈಟ್ರೋಜನ್ ಆಕ್ಸೈಡುಗಳು ಬಿಸಿಲಲ್ಲಿ ಕೂಡಿ ಓಜೋನ್ ಆಗುತ್ತದೆ. 1966ರಲ್ಲಿ ಲಾಸ್ ಏಂಜಲೀಸ್ ಕೌಂಟಿ ರೂಲ್ 66 ಎಂಬ ನಿಯಮ ತಂದು ದ್ರಾವಕಗಳಿಗೆ ಮಿತಿ ಹಾಕಿತು. ಹಾಟ್ ರಾಡ್ ಹುಟ್ಟಿದ ಊರಿನಲ್ಲೇ ಅದರ ಬಣ್ಣಕ್ಕೆ ಕಡಿವಾಣ ಬಿತ್ತು. ಮುಂದೆ ನಿಯಮಗಳು ಬಿಗಿಯಾಗುತ್ತ ಹೋದವು.

ಲ್ಯಾಕರಿನ ಜಾಗಕ್ಕೆ ಎರಡು ಡಬ್ಬಿ ಬೆರೆಸಿ ಹೊಡೆಯುವ ಯುರೆಥೇನ್ ಬಂತು. ಕಾರಿಗೆ ಅದು ಎಲ್ಲ ರೀತಿಯಲ್ಲೂ ಮೇಲು: ಗಟ್ಟಿ, ಹೊಳಪು, ಬಿಸಿಲಿಗೆ ಬಗ್ಗದು. ಮನುಷ್ಯನ ವಿಷಯ ಬೇರೆ. ಅದರ ಗಟ್ಟಿಗೊಳಿಸುವ ಡಬ್ಬಿಯಲ್ಲಿ ಐಸೋಸಯನೇಟ್ ಎಂಬ ವಸ್ತುವಿದೆ. ಅದರ ಮಂಜು ಉಸಿರಿಗೆ ಹೋದರೆ ಅಸ್ತಮಾ ಬರಬಹುದು, ಒಮ್ಮೆ ಮೈ ಅದಕ್ಕೆ ತಿರುಗಿಬಿದ್ದರೆ ಮುಂದೆ ಎಳ್ಳಷ್ಟು ಸೋಕಿದರೂ ದಮ್ಮು ಕಟ್ಟುತ್ತದೆ. ಅಪಾಯದ ಮಟ್ಟ ಮುಟ್ಟಿದಾಗಲೂ ಅದರ ವಾಸನೆ ಮೂಗಿಗೆ ತಿಳಿಯದಿರಬಹುದು. ಹೊರಗಿನಿಂದ ಶುದ್ಧ ಗಾಳಿ ಬರುವ ಮುಖವಾಡ, ಗಾಳಿ ಎಳೆದುಹಾಕುವ ಕೋಣೆ ಬೇಕು. 2008ರಲ್ಲಿ ಅಮೆರಿಕದ ಕೇಂದ್ರ ಪರಿಸರ ಸಂಸ್ಥೆ ಸೀಸ, ಕ್ರೋಮಿಯಂನಂಥ ಲೋಹಗಳಿರುವ ಬಣ್ಣ ಹೊಡೆಯುವ ಗ್ಯಾರೇಜುಗಳಿಗೆ ಮುಚ್ಚಿದ ಕೋಣೆಯನ್ನೂ ತರಬೇತಿಯನ್ನೂ ಕಡ್ಡಾಯ ಮಾಡಿತು. ಸ್ವಂತ ಕಾರಿಗೆ ಮನೆಯಲ್ಲಿ ಹೊಡೆಯುವವನನ್ನು ಆ ನಿಯಮದಿಂದ ಹೊರಗಿಟ್ಟರು. ನಿಯಮ ಹೊರಗಿಟ್ಟರೂ ಶ್ವಾಸಕೋಶ ಹೊರಗಿಡುವುದಿಲ್ಲ. ನನ್ನ ಎದುರುಮನೆಯ ಹಿರಿಯರು ಉಜ್ಜುವುದನ್ನೂ ಪ್ರೈಮರನ್ನೂ ಮನೆಯಲ್ಲಿ ಮಾಡಿ, ಕೊನೆಯ ಬಣ್ಣಕ್ಕೆ ಬಾಡಿಗೆ ಬೂತಿಗೆ ಒಯ್ಯಬೇಕೆಂದಿದ್ದರು. ನಾನು ಹೊರಟು ಬರುವಾಗಲೂ ತಗಡುಗಳು ಗೋಡೆಯ ಮೇಲೇ ಇದ್ದವು.

ಹಿತ್ತಲಲ್ಲಿ ಬಣ್ಣ ಹೊಡೆಯುವ ಹುಡುಗನ ಸ್ವಾತಂತ್ರ್ಯವನ್ನು ನಾನು ಮೊದಲು ಬರೀ ಸಂತೋಷದಿಂದ ಓದಿದ್ದೆ. ಆಮೇಲೆ ಅನ್ನಿಸಿತು, ಅವನು ವರ್ಷಕ್ಕೊಂದು ಕಾರಿಗೆ ಹೊಡೆದ. ದಿನವೂ ಹೊಡೆದವರು ಯಾರು?

ಮಾಮಾನ ಸ್ಕೂಟರ್

ಮಾಮಾ ಮೂಗಿಗೆ ಕಟ್ಟಿಕೊಳ್ಳುತ್ತಿದ್ದದ್ದು ಒಂದು ಹಸಿ ಟವೆಲ್. ಸಂಜೆ ಅದನ್ನು ಹಿಂಡಿದರೆ ಆ ದಿನದ ಬಣ್ಣ ಇಳಿಯುತ್ತಿತ್ತು. ಐವತ್ತೈದರ ಹೊತ್ತಿಗೆ ಗ್ಯಾರೇಜ್ ಬಿಟ್ಟ, ಆಮೇಲೆ ಇನ್‌ಹೇಲರ್ ಹಿಡಿದ. ಇದರಿಂದಲೇ ಅದು ಬಂತು ಎಂದು ಯಾವ ಡಾಕ್ಟರೂ ಬರೆದುಕೊಟ್ಟಿಲ್ಲ, ಗ್ಯಾರೇಜಿನವರು ಕೇಳಲೂ ಇಲ್ಲ.

2019ರ ದೀಪಾವಳಿಗೆ ಪುಣೆಯಿಂದ ಊರಿಗೆ ಹೋದಾಗ ಅವನ ಹಳೆಯ ಚೇತಕ್ ಸ್ಕೂಟರಿಗೆ ಬಣ್ಣ ಹೊಡೆಯುತ್ತೇನೆ ಎಂದೆ. ತಿಳಿನೀಲಿ ಬಣ್ಣ ಅಲ್ಲಲ್ಲಿ ಎದ್ದು, ಅವನೇ ಯಾವಾಗಲೋ ಹಚ್ಚಿದ ಬೂದು ಪುಟ್ಟಿ ವರ್ಷಗಟ್ಟಲೆ ಹಾಗೇ ಇತ್ತು. ‘ಕ್ಯಾಂಡಿ ಕೆಂಪು ಹೊಡೆಯೋಣ ಮಾಮಾ’ ಎಂದೆ. ಅವನು ಕೇಳಿದ್ದು ಒಂದೇ ಮಾತು: ‘ಎಷ್ಟ ದಿನಾ ರಜಾ ಐತಿ?’

‘ನಾಕ ದಿನಾ.’

‘ಹಂಗಾರ ಬಿಳಿ ಹೊಡಿ.’

ಕ್ಯಾಲಿಫೋರ್ನಿಯಾದ ಆ ಹಿರಿಯರು ಒಂದು ಗಂಟೆ ಹೇಳಿದ್ದನ್ನು ಮಾಮಾ ಎರಡು ವಾಕ್ಯದಲ್ಲಿ ಮುಗಿಸಿದ್ದ. ಆಗ ನನಗೆ ಅದುವರೆಗೆ ಕೇಳಬೇಕೆಂದು ಹೊಳೆಯದೇ ಇದ್ದ ಪ್ರಶ್ನೆ ಕೇಳಿದೆ: ‘ನಿನಗ ಯಾವ ಬಣ್ಣ ಬೇಕು ಮಾಮಾ?’ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಮಂದಿ ತಂದ ಚೀಟಿ ನೋಡಿ ಬಣ್ಣಾ ಕಲಸೀನಿ. ನನ್ನ ಕೇಳಿದಾಂವ ನೀನ ಮೊದಲ ನೋಡ.’ ಆಮೇಲೆ ಹೇಳಿದ: ‘ಕರೀದು. ಕರೀ ಬಣ್ಣ ಸುಳ್ಳ ಹೇಳಂಗಿಲ್ಲ.’

ರಜೆಯನ್ನು ಹತ್ತು ದಿನಕ್ಕೆ ಏರಿಸಿದೆ. ಏಳು ದಿನ ಬರೀ ಉಜ್ಜಿದೆ. ಮಾಮಾ ಕಟ್ಟೆಯ ಮೇಲೆ ಕೂತು, ಕಣ್ಣು ಮುಚ್ಚಿ ಅಂಗೈ ಆಡಿಸಿ ನೋಡಿ, ‘ಇಲ್ಲಿ ತಗ್ಗೈತಿ’ ಎನ್ನುತ್ತಿದ್ದ. ನನಗೆ ಕಾಣುತ್ತಲೇ ಇರಲಿಲ್ಲ. ಯುರೆಥೇನ್ ತರಲು ಅವನು ಒಪ್ಪಲಿಲ್ಲ, ಅದರ ಅಂಜಿಕೆ ಅವನಿಗೆ ಇದ್ದೇ ಇತ್ತು. ಎನ್‌ಸಿ ಕಪ್ಪನ್ನೇ ತಂದೆವು. ಬಣ್ಣ ಹೊಡೆಯುವ ದಿನ ಮಾಮಿ ಅವನನ್ನು ಅಂಗಳದಲ್ಲಿ ನಿಲ್ಲಗೊಡಲಿಲ್ಲ. ರಸ್ತೆಯಾಚೆ ಪಾನ್ ಅಂಗಡಿಯ ಬೆಂಚಿನ ಮೇಲೆ, ಗಾಳಿಗೆ ಎದುರಾಗಿ ಕೂರಿಸಿದಳು. ನಾನು ಕಾರ್ಬನ್ ಮಾಸ್ಕ್ ಹಾಕಿಕೊಂಡು, ತಂಬಿಗೆಯಿಂದ ನೀರು ಚಿಮುಕಿಸಿ, ಗನ್ ಹಿಡಿದೆ. ಮಾಮಾನಿಗೆ ಅಲ್ಲಿಂದ ಸ್ಕೂಟರ್ ಕಾಣುತ್ತಿರಲಿಲ್ಲ. ಗನ್ನಿನ ಸಪ್ಪಳ ಕೇಳುತ್ತಿತ್ತು. ‘ಕೈ ನಿಂತತಿ, ಓಡಸು!’ ಎಂದು ಅಲ್ಲಿಂದಲೇ ಕೂಗುತ್ತಿದ್ದ. ಪ್ರತಿ ಸಲವೂ ನಿಜವಾಗಿಯೂ ಕೈ ನಿಂತಿರುತ್ತಿತ್ತು.

ಆರ್‌ಸಿಯಲ್ಲಿ ಬಣ್ಣವೂ ದಾಖಲಾಗಿರುವುದರಿಂದ ನೀಲಿಯನ್ನು ಕಪ್ಪು ಮಾಡಿಸಲು ಆರ್‌ಟಿಒ ಕಚೇರಿಗೆ ಅಲೆದದ್ದು ಬೇರೆ ಕಥೆ. ಮಾಮಾ ಅದರ ಮೇಲೆ ಒಂದೂವರೆ ವರ್ಷ ಓಡಾಡಿದ. ಈಗ ಅವನಿಲ್ಲ, ಸ್ಕೂಟರ್ ಪುಣೆಯಲ್ಲಿ ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿದೆ. ರಾತ್ರಿ ಕೆಲಸ ಮುಗಿಸಿ ಬಂದಾಗ ಮೇಲಿನ ಟ್ಯೂಬ್‌ಲೈಟ್ ಅದರ ಎಡಬದಿಯಲ್ಲಿ ಕಾಣುತ್ತದೆ. ಹಿಂದಿನ ಚಕ್ರದ ಮೇಲೆ ಒಂದು ಗೇಣಿನಷ್ಟು ಜಾಗದಲ್ಲಿ ಆ ಬೆಳಕು ಸ್ವಲ್ಪ ಡೊಂಕಾಗಿದೆ. ಮೂರನೆಯ ದಿನ ಆಫೀಸಿನ ಕಾಲ್ ಬಂತೆಂದು ಅರ್ಧಕ್ಕೆ ಉಜ್ಜಿ ಎದ್ದ ಜಾಗ ಅದು.